ರಿಬ್ಬನ್ನಿನ ಕೆಂಪು ಅಂಚು

1973ನೇ ಇಸವಿ. ಯುಗಾದಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ನನಗಾಗ ಏಳನೇ ತಿಂಗಳು. ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದಿನ ಹಜಾರದಲ್ಲಿ ಎರಡು ಪವರ್‌ಲೂಮ್, ಹಿಂದಿನ ಕೋಣೆಯಲ್ಲಿ ಮಾವನವರ ಹಳೆಯ ಕೈಮಗ್ಗ, ನಡುವೆ ಉಳಿದ ಜಾಗದಲ್ಲಿ ನಾವು. ನೇಕಾರರ ಮನೆಯೆಂದರೆ ಹಾಗೆಯೇ. ಮೊದಲು ಮಗ್ಗಕ್ಕೆ ಜಾಗ, ಆಮೇಲೆ ಮನುಷ್ಯರಿಗೆ.

ನಾನು ಇದೇ ತಾಲ್ಲೂಕಿನ ಮಧುರೆ ಕಡೆಯವಳು. ತವರಿನವರೂ ಕುಲಕ್ಕೆ ನೇಕಾರರೇ, ಆದರೆ ನಮ್ಮಪ್ಪನ ಕಾಲಕ್ಕೆ ಮಗ್ಗ ಬಿಟ್ಟು ಹೊಲ ಹಿಡಿದಿದ್ದರು. ರಾಗಿ ಕಳೆ ತೆಗೆಯಲು ಬರುತ್ತಿತ್ತೇ ಹೊರತು ನನಗೆ ಉದ್ದಕ್ಕೆ ಕಟ್ಟುವ ಹಾಸು ಯಾವುದು, ಅಡ್ಡಕ್ಕೆ ಹಾಯುವ ಹೊಕ್ಕು ಯಾವುದು ಗೊತ್ತಿರಲಿಲ್ಲ. ಅತ್ತೆ ಪುಟ್ಟಮ್ಮನವರು ಇದನ್ನೇ ಹಿಡಿದು ಮೂರು ಹೊತ್ತೂ ಆಡಿಕೊಳ್ಳುತ್ತಿದ್ದರು. ಒರಟು ಬಾಯಿ ಅವರದು. ಊಟ ಬಡಿಸಿದರೂ ಬೈದುಕೊಂಡೇ ಬಡಿಸುವವರು.

ಅದರ ಹಿಂದಿನ ವರ್ಷ ನನ್ನ ಚೊಚ್ಚಲ ಕೂಸು ಹುಟ್ಟುವಾಗಲೇ ಉಸಿರಿರಲಿಲ್ಲ. ಮಾವನವರು ಅದನ್ನು ಎತ್ತಿಕೊಂಡು ಹೋದರು. ನಾನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಅತ್ತೆ ನನ್ನ ಹತ್ತಿರ ಬಂದು ಒಂದು ಮಾತು ಆಡಲಿಲ್ಲ. ಮಾರನೆಯ ದಿನ ನೋಡಿದರೆ ಎಂದಿನಂತೆ ಹಾಸು ಹಾಕುತ್ತಾ ಕೂತಿದ್ದಾರೆ. ಕಲ್ಲು ಹೆಂಗಸು ಅಂದುಕೊಂಡೆ. ಆ ಕೋಪ ನನ್ನಲ್ಲಿ ಬಹಳ ದಿನ ಉಳಿಯಿತು.

ನಮ್ಮ ಯಜಮಾನರಿಗೆ ಮಗ್ಗದ ಮೇಲೆ ಆಸೆಯಿರಲಿಲ್ಲ, ಮಗ್ಗ ಕೆಟ್ಟರೆ ಬಿಚ್ಚುವುದರಲ್ಲಿ ಆಸೆ. ರಾಜಘಟ್ಟಕ್ಕೆ ಹೋಗುವ ದಾರಿಯಲ್ಲಿ ರೇಷ್ಮೆಗೆ ಹುರಿ ಹಾಕುವ ಒಂದು ಮಿಲ್ಲು ಮುಚ್ಚಿ ಪಾಳುಬಿದ್ದಿತ್ತು. ಆ ಶೆಡ್ಡನ್ನು ಬೆಂಗಳೂರಿನ ಶ್ಯಾಮರಾಯರು ಅನ್ನುವವರು ಬಾಡಿಗೆಗೆ ಹಿಡಿದು ಕಾರ್ಖಾನೆ ಶುರುಮಾಡಿದ್ದರು. ಯಜಮಾನರು ಅಪ್ಪನ ಮಾತು ಮೀರಿ ಅಲ್ಲಿ ಫಿಟ್ಟರ್ ಆಗಿ ಸೇರಿಕೊಂಡರು. ಅಲ್ಲಿಂದಾಚೆಗೆ ಅಪ್ಪ ಮಗ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು, ಮಾತಿರಲಿಲ್ಲ.

ಅಲ್ಲಿ ಏನು ಮಾಡುತ್ತಾರೆ ಅಂತ ಕೇಳಿದವರಿಗೆಲ್ಲ ಹೇಳಿ ಹೇಳಿ ನಮ್ಮವರಿಗೆ ಸಾಕಾಗಿತ್ತು. ಕಂಪ್ಯೂಟರ್ ಅನ್ನೋ ಹೆಸರನ್ನೇ ಊರಲ್ಲಿ ಯಾರೂ ಕೇಳಿರಲಿಲ್ಲ. ಅದರ ಪ್ರಿಂಟರ್ ಅಂದರೆ ಯಾರಿಗೆ ಅರ್ಥವಾಗಬೇಕು? ಅದು ಲೆಕ್ಕ ಮಾಡುತ್ತದೆ, ಇದು ಬರೆದು ಕೊಡುತ್ತದೆ ಅನ್ನುತ್ತಿದ್ದರು ಯಜಮಾನರು. ಶ್ಯಾಮರಾಯರು ಮುಂಚೆ ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ವಿದೇಶದಿಂದ ಬಂದ ಇಂಥ ಯಂತ್ರಗಳ ರಿಪೇರಿ ಮಾಡುತ್ತಿದ್ದರಂತೆ. ಅಕ್ಷರ ಹೊಡೆಯುವ ಒಂದು ಸಣ್ಣ ಸುತ್ತಿಗೆ ಮುರಿದರೂ ಹಡಗಿನಲ್ಲಿ ಬರುವವರೆಗೆ ಕಾಯಬೇಕು. ಕಾದು ಕಾದು ಬೇಸತ್ತು ಬಿಡಿಭಾಗಗಳನ್ನು ತಾವೇ ಮಾಡಲು ಹೋದರು. ಬಿಡಿಭಾಗ ಮಾಡುವ ಕೈ ಇಡೀ ಯಂತ್ರವನ್ನೇ ಏಕೆ ಮಾಡಬಾರದು ಅಂತ ತಲೆಗೆ ಬಂತು. ಹೆಂಡತಿಯ ಒಡವೆ, ತಮ್ಮ ಪಾಲಿನ ಜಮೀನು ಎಲ್ಲ ಆ ಶೆಡ್ಡಿನೊಳಗೆ ಹೋಯಿತು. ಅಕ್ಷರಗಳನ್ನು ಕೆತ್ತಿದ ಉರುಳೆ ಹೊಸಕೋಟೆಯ ಒಬ್ಬ ಕೆಲಸಗಾರನ ಕೈಯಲ್ಲಿ ಆಯಿತು, ಮೇಲಿನ ತಗಡು ನೆಲಮಂಗಲದಲ್ಲಿ. ಒಂದಷ್ಟು ಜನ ಸೇರಿ ವರ್ಷಗಟ್ಟಲೆ ಒದ್ದಾಡಿ ಮೊದಲನೆಯ ಯಂತ್ರ ನಿಲ್ಲಿಸಿದ್ದರು.

ನಿಂತದ್ದೇನೋ ನಿಂತಿತು. ಆದರೆ ಬರೆಯಲು ಮಸಿ ಬೇಕಲ್ಲ. ಟೈಪ್‌ರೈಟರಿನ ಹಾಗೆ ಇದಕ್ಕೂ ಮಸಿ ಹೀರಿದ ರಿಬ್ಬನ್ ಬೇಕು, ಆದರೆ ಪಟ್ಟಿಯಷ್ಟು ಸಾಲದು. ಕಾಗದ ಎಷ್ಟು ಅಗಲವೋ ಬಟ್ಟೆಯೂ ಅಷ್ಟೇ ಅಗಲ, ಮೇಲೊಂದು ಕೆಳಗೊಂದು ಉರುಳೆಗೆ ಸುತ್ತಿರಬೇಕು. ಹೊರದೇಶದಿಂದ ತರಿಸೋಣವೆಂದರೆ ಲೈಸೆನ್ಸ್ ಸಿಗಲಿಲ್ಲ. ಬೆಂಗಳೂರಿನ ಒಂದು ದೊಡ್ಡ ಕಚೇರಿಯವರು ಯಂತ್ರ ನೋಡಲು ಬರುತ್ತೇವೆ ಅಂತ ತಿಳಿಸಿಬಿಟ್ಟಿದ್ದರು. ಅವರು ಒಪ್ಪಿದರೆ ಶೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಬೀಗ. ಬೀಗ ಬಿದ್ದರೆ ನಮ್ಮವರು ತಲೆ ತಗ್ಗಿಸಿಕೊಂಡು ಮತ್ತೆ ಅಪ್ಪನ ಮಗ್ಗಕ್ಕೆ ಬರಬೇಕು.

ಆಗಲೇ ಶ್ಯಾಮರಾಯರು ನಮ್ಮ ಮನೆಗೆ ಬಂದದ್ದು. ಸ್ಕೂಟರ್ ನಿಲ್ಲಿಸಿ ಜಗಲಿಯ ಮೇಲೆ ಕೂತು, ಹಳೆಯ ವಿದೇಶಿ ರಿಬ್ಬನ್ನಿನ ತುಂಡೊಂದನ್ನು ಪೇಪರಿನಿಂದ ಬಿಚ್ಚಿ ಮಾವನವರಿಗೆ ತೋರಿಸಿದರು. ಮಾವ ಅದನ್ನು ಕೈಯಲ್ಲಿ ಮುಟ್ಟಲೂ ಇಲ್ಲ.

"ಸೀರೆ ನೇಯೋ ಮಗ್ಗದಲ್ಲಿ ಮಸಿಬಟ್ಟೆ ನೇಯೋದಾ?" ಅಂದರು.

ರಾಯರು ಬೇಜಾರು ಮಾಡಿಕೊಳ್ಳಲಿಲ್ಲ. "ಹೌದು ಯಜಮಾನ್ರೆ, ಮಸಿಬಟ್ಟೇನೇ. ಆದ್ರೆ ಇದಿಲ್ದೆ ನನ್ನ ಮಿಷನ್ನು ಬಾಯಿ ಬಿಡಲ್ಲ" ಅಂದು ನಕ್ಕರು.

ಆ ನಗೆಗೋ, ಮಗ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದುದಕ್ಕೋ, ಮಾವ ಕೊನೆಗೆ ಹೂಂ ಅಂದರು. ರಾಯರು ಹೇಗಿರಬೇಕು ಅಂತ ವಿವರಿಸಿದರು. ಬಿಳಿ ರೇಷ್ಮೆ, ಸಣ್ಣ ಎಳೆ, ಒತ್ತಾದ ನೇಯ್ಗೆ, ಒಂದು ಮೊಳಕ್ಕೆ ಸ್ವಲ್ಪ ಕಡಿಮೆ ಅಗಲ. ಬುಟ್ಟಾ ಬೇಡ, ಸೆರಗು ಬೇಡ, ಅಂಚಂತೂ ಬೇಡವೇ ಬೇಡ. ಬಾಗಿಲ ಹಿಂದೆ ನಿಂತಿದ್ದ ಅತ್ತೆ, ಯಾವತ್ತೂ ಹೊರಗಿನ ಗಂಡಸರ ಮುಂದೆ ಬಾಯಿ ತೆಗೆಯದವರು, ಅವತ್ತು ಅಲ್ಲಿಂದಲೇ ಕೇಳಿದರು, ಅಂಚೇ ಬೇಡವಾ ಅಂತ. ಅಂಚೇ ಬೇಡ ತಾಯಿ ಅಂದರು ರಾಯರು. ಅತ್ತೆ ಒಳಗೆ ಹೋಗಿಬಿಟ್ಟರು.

ಹಾಸು ಹಾಕುವ ದಿನ ಅತ್ತೆ ನನ್ನನ್ನು ಹಿಂದಿನ ಕೋಣೆಗೆ ಸೇರಿಸಲಿಲ್ಲ. ಅಕ್ಕಿ ಆರಿಸು ಹೋಗು, ಇಲ್ಲಿ ನಿನಗೇನು ಕೆಲಸ ಅಂತ ಗದರಿದರು. ಆ ಬಟ್ಟೆ ಮಗ್ಗದ ಮೇಲಿದ್ದಷ್ಟು ದಿನವೂ ಅದೇ ಕಥೆ. ನಾನು ಆ ಬಾಗಿಲ ಹತ್ತಿರ ಸುಳಿದರೆ ಸಾಕು, ಲೇ ಅಂತ ಕೂಗುತ್ತಿದ್ದರು. ನನಗೆ ನೇಯ್ಗೆ ಬರುವುದಿಲ್ಲ ಅಂತ ತಾನೇ ಈ ಅವಮಾನ ಅಂತ ಒಳಗೊಳಗೇ ಕುದಿಯುತ್ತಿದ್ದೆ.

ಬಟ್ಟೆ ಇಳಿಸಿದಾಗ ನೋಡಿದರೆ ಒಂದು ಪಕ್ಕದಲ್ಲಿ ಕೆಂಪು ಎಳೆಗಳು! ಸೀರೆಯ ಅಂಚಿಗೆ ಹಾಕುವ ಜೋಡಿ ಎಳೆಯ ಗಟ್ಟಿ ರೇಷ್ಮೆ, ಬೆರಳಗಲ ಕೂಡ ಇಲ್ಲ, ಆದರೆ ಅಂಚು ಅಂಚೇ. ಯಜಮಾನರು ಇದೇನಮ್ಮ ಅಂದರು. ಅತ್ತೆ ತಲೆ ಎತ್ತದೆ, ಅದು ಗುರುತು ಕಣೋ, ಯಾವ ಮನೆ ಬಟ್ಟೆ ಅಂತ ಗೊತ್ತಾಗಬೇಡವಾ ಅಂದರು. ಮಾವನವರ ಕಡೆ ನೋಡಿದರೆ ಅವರು ಬೀಡಿ ಹಚ್ಚುವುದರಲ್ಲಿ ಮುಳುಗಿದ್ದರು. ಅಷ್ಟು ಉದ್ದ ನೇಯ್ದವರಿಗೆ ಕಾಣದೆ ಇರುತ್ತದೆಯೇ? ಬೇರೆ ನೇಯಲು ಪುರಸೊತ್ತಿರಲಿಲ್ಲ. ಮಸಿ ಬಿದ್ದರೆ ಕೆಂಪೂ ಕಪ್ಪೇ ಅಂತ ರಾಯರು ಹಾಗೇ ತೆಗೆದುಕೊಂಡು ಹೋಗಿ ಮಸಿ ಹಿಡಿಸಿದರು.

ಕಚೇರಿಯವರು ಬರುವ ದಿನ ಊಟದ ಏರ್ಪಾಡು ನಮ್ಮ ಮನೆಯದಾಯಿತು. ಶೆಡ್ಡಿನ ಸುತ್ತಮುತ್ತ ಒಂದು ಹೋಟೆಲಿರಲಿಲ್ಲ. ಚಿತ್ರಾನ್ನ, ಕೋಸಂಬರಿ, ಹೆಸರುಬೇಳೆ ಪಾಯಸ ಮಾಡಿಕೊಂಡು ಅತ್ತೆಯೂ ನಾನೂ ಗಾಡಿಯಲ್ಲಿ ಹೋದೆವು. ಮೊದಲ ಸಲ ಆ ಯಂತ್ರ ನೋಡಿದೆ. ಎರಡು ಅಕ್ಕಿ ಡಬ್ಬ ಅಕ್ಕಪಕ್ಕ ಇಟ್ಟಷ್ಟು ದಪ್ಪ, ಮುಂದುಗಡೆ ಮಡಿಕೆ ಮಡಿಕೆಯಾಗಿ ಬೀಳುವ ಕಾಗದ. ಬಂದಿದ್ದವರು ಮೂರು ಜನ, ಅವರಲ್ಲಿ ಕನ್ನಡಕದ ಒಬ್ಬರು ದೊಡ್ಡ ಅಧಿಕಾರಿ. ರಾಯರು ಗುಂಡಿ ಒತ್ತಿದರು. ಅಬ್ಬಬ್ಬಾ, ಆ ಸದ್ದು! ಅತ್ತೆ ನನ್ನ ಕಿವಿಯಲ್ಲಿ, "ಇದೂ ಮಗ್ಗದ ಜಾತೀನೇ ಕಣೆ" ಅಂದರು. ಕಾಗದ ಸರಸರ ಏರತೊಡಗಿತು, ಒಂದೊಂದು ಏಟಿಗೂ ಒಂದೊಂದು ಇಡೀ ಸಾಲು ಇಂಗ್ಲಿಷ್ ಅಕ್ಷರ. ಅಧಿಕಾರಿ ಬಗ್ಗಿ ನೋಡಿ ತಲೆದೂಗಿದರು. ನಮ್ಮ ಯಜಮಾನರ ಮುಖದಲ್ಲಿ ಮದುವೆಯ ದಿನವೂ ಅಂಥ ಕಳೆ ನಾನು ನೋಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಸಾಲುಗಳ ಒಂದು ತುದಿ ಮಬ್ಬಾಯಿತು. ಆಮೇಲೆ ಆ ತುದಿಯ ಅಕ್ಷರಗಳೇ ಮಾಯ. ಒಳಗೆ ರಿಬ್ಬನ್ ಒಂದು ಪಕ್ಕಕ್ಕೆ ಜರುಗುತ್ತಾ ಜರುಗುತ್ತಾ ನೆರಿಗೆ ಬಿದ್ದು ಮುದ್ದೆಯಾಗಿ ಸಿಕ್ಕಿಕೊಂಡಿತು. ಕಾಗದ ಪರ್ರನೆ ಹರಿಯಿತು. ರಾಯರು ಯಂತ್ರ ನಿಲ್ಲಿಸಿದರು.

ಯಜಮಾನರು ಮುಚ್ಚಳ ತೆಗೆದು ಕೈ ಹಾಕಿದರು. ಮೊಣಕೈವರೆಗೂ ಮಸಿ. ಒಂದು ಪಕ್ಕ ಬಿಗಿ, ಇನ್ನೊಂದು ಪಕ್ಕ ಸಡಿಲ. ಬಿಗಿಯಿದ್ದ ಪಕ್ಕ ಯಾವುದು ಅಂತ ಹೇಳಬೇಕಾಗಿಲ್ಲ. ಅವರು ತಿರುಗಿ ಅತ್ತೆಯ ಕಡೆ ನೋಡಿದರು. ಶಾಂತ ಮನುಷ್ಯ, ಯಾರ ಮೇಲೂ ರೇಗಿದವರಲ್ಲ, ಅವತ್ತು ಅಷ್ಟು ಜನರ ಮುಂದೆ ದನಿ ಏರಿತು. "ಅಂಚು ಬೇಡ ಅಂತ ಅವರು ಸಾರಿ ಸಾರಿ ಹೇಳಿದ್ರಲ್ಲಮ್ಮ. ಯಾಕೆ ಹಾಕ್ದೆ?"

ಅತ್ತೆ ಪಾಯಸದ ಪಾತ್ರೆ ಕೆಳಗಿಟ್ಟರು. ಸೆರಗು ಹೊದ್ದುಕೊಂಡು ರಾಯರ ಕಡೆ ತಿರುಗಿದರು.

"ಅಂಚಿಲ್ಲದ ಬಿಳಿ ಬಟ್ಟೆ ಯಾರಿಗೆ ನೇಯ್ತಾರೆ ಸ್ವಾಮಿ? ಹೋದೋರಿಗೆ ಹೊದಿಸಾಕೆ. ನಮ್ಮನೇಲಿ ಬಸುರಿ ಹೆಂಗಸವ್ಳೆ. ಹೋದ ವರ್ಷ ಒಂದು ಕೂಸ ಮಣ್ಣಿಗೆ ಕೊಟ್ಟಿದೀವಿ. ಅಂಥಾ ಬಟ್ಟೆ ಮನೆ ಮಗ್ಗದ ಮೇಲೆ ಹೆಂಗೆ ಏರಿಸ್ಲಿ? ನನ್ನ ಕೈಲಿ ಆಗ್ಲಿಲ್ಲ."

ನಾನು ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ನನ್ನನ್ನು ಆ ಕೋಣೆಗೆ ಬಿಡದಿದ್ದುದು, ಬಾಗಿಲ ಹತ್ತಿರ ಸುಳಿದರೆ ಗದರಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಹೋದ ವರ್ಷ ನನ್ನ ಹತ್ತಿರ ಬಾರದೆ ಹಾಸಿನ ಮುಂದೆ ಕೂತಿದ್ದ ಹೆಂಗಸು ಅಲ್ಲಿ ಕೂತು ಏನು ಮಾಡುತ್ತಿದ್ದರು ಅನ್ನುವುದು ನನಗೆ ಆಗ ತಿಳಿಯಿತು. ಕೂಸು ನನ್ನೊಬ್ಬಳದೇ ಹೋಗಿರಲಿಲ್ಲ.

ಆ ಕೆಂಪು ಎಳೆಗಳನ್ನು ಸೂಜಿ ಹಾಕಿ ಎಳೆದರೆ ಬರುತ್ತಿದ್ದವು. ಊಟ ಮುಗಿಯುವಷ್ಟರಲ್ಲಿ ಬೇಕಾದಷ್ಟು ಉದ್ದ ಬಿಡಿಸಿ, ಯಂತ್ರ ಓಡಿಸಿ ತೋರಿಸಬಹುದಿತ್ತು. ಶೆಡ್ಡಿನವರಲ್ಲಿ ಒಬ್ಬ ಆಗಲೇ ಕತ್ತರಿ, ದಬ್ಬಣ ಹಿಡಿದು ಬಂದಿದ್ದ. ರಾಯರು ಅವನ ಕೈ ಹಿಡಿದು ತಡೆದರು. ಒಂದು ಸಲ ಅತ್ತೆಯನ್ನು ನೋಡಿದರು, ಒಂದು ಸಲ ನನ್ನನ್ನು. ತಮ್ಮೆಲ್ಲ ಆಸ್ತಿ ಆ ಯಂತ್ರದೊಳಗೆ ಸಿಕ್ಕಿಕೊಂಡಿದ್ದ ಮನುಷ್ಯ. "ತಪ್ಪು ನಂದು ತಾಯಿ. ಬಟ್ಟೆ ಹೇಗಿರ್ಬೇಕು ಅಂತ ಹೇಳಿದೆ, ಮನೇಲಿ ಯಾರಿದಾರೆ ಅಂತ ಕೇಳ್ಲಿಲ್ಲ" ಅಂದರು.

ಆಮೇಲೆ ಅಧಿಕಾರಿಗಳ ಹತ್ತಿರ ಹೋಗಿ, ಯಂತ್ರ ಸರಿಯಿದೆ, ರಿಬ್ಬನ್ ಬದಲಾಯಿಸಬೇಕು, ಇವತ್ತು ಆಗುವುದಿಲ್ಲ, ದಯವಿಟ್ಟು ಇನ್ನೊಂದು ಸಲ ಬನ್ನಿ ಅಂತ ಕೇಳಿಕೊಂಡರು. ಅವರ ಜೊತೆಯಲ್ಲಿದ್ದ ಚಿಕ್ಕ ವಯಸ್ಸಿನವರೊಬ್ಬರು ಇಂಗ್ಲಿಷಿನಲ್ಲಿ ಏನೋ ಗೊಣಗಿದರು. ಕನ್ನಡಕದವರು ಮಾತ್ರ ಎಲೆಯ ಮುಂದೆ ಕೂತು ಸಾವಕಾಶವಾಗಿ ಉಂಡರು, ಪಾಯಸ ಎರಡನೇ ಸಲ ಹಾಕಿಸಿಕೊಂಡರು. ಹೊರಡುವಾಗ ಬರುತ್ತೇವೆ ಅಂತಲೂ ಹೇಳಲಿಲ್ಲ, ಬರುವುದಿಲ್ಲ ಅಂತಲೂ ಹೇಳಲಿಲ್ಲ. ನೋಡೋಣ ಅಂದು ಕಾರು ಹತ್ತಿದರು.

ಗಾಡಿಯಲ್ಲಿ ವಾಪಸು ಬರುವಾಗ ಅತ್ತೆ ದಾರಿ ಏರುಪೇರಿದ್ದ ಕಡೆಯೆಲ್ಲ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವರ ಉಗುರು ಒತ್ತಿ ನೋಯುತ್ತಿತ್ತು. ನಾನು ಬಿಡಿಸಿಕೊಳ್ಳಲಿಲ್ಲ.

ಮಾರನೆಯ ದಿನ ಬೆಳಗ್ಗೆ ಮಾವನವರು ಅಂಗಿ ತೊಟ್ಟು, ಟವಲು ಹೆಗಲಿಗೆ ಹಾಕಿ ಹೊರಟರು. ಎಲ್ಲಿಗೆ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೋದದ್ದು ಶೆಡ್ಡಿಗೆ. ಮಗ ಕೆಲಸ ಮಾಡುವ ಜಾಗವನ್ನು ಅವರು ಅಲ್ಲಿಯವರೆಗೆ ಕಣ್ಣೆತ್ತಿ ನೋಡಿರಲಿಲ್ಲ. ಅಲ್ಲಿ ರಾಯರಿಗೆ ಹೇಳಿದ್ದನ್ನು ಯಜಮಾನರು ನನಗೆ ಅಕ್ಷರ ಬಿಡದೆ ಒಪ್ಪಿಸಿದರು. "ಈ ಸಲ ಎರಡೂ ಕಡೆ ಒಂದೊಂದೇ ಕೆಂಪೆಳೆ ಹಾಕ್ತೀನಿ. ಮಿಕ್ಕ ಎಳೆಯಷ್ಟೇ ಸಣ್ಣಗೆ, ಅಷ್ಟೇ ಹುರಿ. ಮಿಷನ್ನಿಗೆ ಗೊತ್ತಾಗಲ್ಲ, ನಮ್ಮವಳಿಗೆ ಗೊತ್ತಾಗ್ತದೆ" ಅಂದರಂತೆ. ರಾಯರು ಹಾಗೇ ಆಗಲಿ ಅಂದರಂತೆ. ಬರುವಾಗ ಅಪ್ಪ ಮಗ ಇಬ್ಬರೂ ಯಂತ್ರದ ಮುಂದೆ ಕೂತು ಚಹಾ ಕುಡಿದರಂತೆ. ಯಾರು ಮೊದಲು ಮಾತಾಡಿದರು ಅಂತ ನಾನು ಕೇಳಿದೆ, ನಮ್ಮವರು ಹೇಳಲಿಲ್ಲ.

ಹೊಸ ಬಟ್ಟೆ ಮಗ್ಗವೇರಿತು. ಈ ಸಲ ಅತ್ತೆ ನನ್ನನ್ನು ತಾವೇ ಕರೆದು ಬಾಗಿಲಲ್ಲಿ ಕೂರಿಸಿದರು. ಬಿಳಿಯ ಹಾಸಿನ ಎರಡು ಅಂಚಿಗೂ ಕೂದಲಿನಂಥ ಒಂದೊಂದು ಕೆಂಪು ಗೆರೆ. "ಕಾಣ್ತಾ?" ಅಂದರು. ಕಾಣ್ತು ಅಂದೆ. "ಹಂಗಾದ್ರೆ ಸರಿ" ಅಂದು ಎದ್ದು ಒಲೆ ಹಚ್ಚಲು ಹೋದರು. ನಮ್ಮಿಬ್ಬರ ನಡುವೆ ಆ ವಿಷಯಕ್ಕೆ ಆದ ಮಾತು ಅಷ್ಟೇ.

ಬಟ್ಟೆ ಸರಿಯಾಗಿ ಓಡಿತು. ಆದರೆ ನೋಡುವವರು ಬರಬೇಕಲ್ಲ? ದಿನಗಳು ಕಳೆದವು. ಶೆಡ್ಡಿನಲ್ಲಿ ಕೆಲವರು ಬೇರೆ ಕಡೆ ಕೆಲಸ ಹುಡುಕಲು ಹೊರಟರು. ಯಜಮಾನರು ರಾತ್ರಿ ಊಟಕ್ಕೆ ಕೂತರೆ ಅನ್ನ ಕೆದಕುತ್ತಾ ಕೂತಿರುತ್ತಿದ್ದರು. ಅತ್ತೆ ಚೌಡೇಶ್ವರಿ ಅಮ್ಮನವರಿಗೆ ಹರಕೆ ಹೊತ್ತರು. ಯಂತ್ರಕ್ಕೋ, ನನ್ನ ಹೆರಿಗೆಗೋ ಅಂತ ಕೇಳಿದರೆ, ಎರಡೂ ಒಂದೇ ಅಮ್ಮನವರ ತಲೆ ಮೇಲೆ ಹಾಕಿದೀನಿ, ಅವಳು ನೋಡಿಕೊಳ್ಳಲಿ ಅಂದರು. ಕೊನೆಗೆ ಒಂದು ಮಧ್ಯಾಹ್ನ ಹೇಳದೆ ಕೇಳದೆ ಆ ಕನ್ನಡಕದ ಅಧಿಕಾರಿ ಒಬ್ಬರೇ ಬಂದು ಶೆಡ್ಡಿನ ಮುಂದೆ ಇಳಿದರಂತೆ. ಸಂಜೆಯವರೆಗೂ ಯಂತ್ರ ಓಡಿಸಿ ನೋಡಿದರಂತೆ. ಒಂದು ಅಕ್ಷರವೂ ತಪ್ಪಲಿಲ್ಲ. ಹೊರಡುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ಹುಡುಗಿಗೆ ಹೆರಿಗೆ ಆಯ್ತಾ?" ಇನ್ನೂ ಇಲ್ಲ ಅಂದರಂತೆ ನಮ್ಮವರು. ಯಂತ್ರ ತೆಗೆದುಕೊಳ್ಳುತ್ತೇವೆ, ರಿಬ್ಬನ್ ಇದೇ ಇರಲಿ, ಬದಲಾಯಿಸಬೇಡಿ ಅಂತ ಹೇಳಿ ಹೋದರಂತೆ. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಎಷ್ಟೋ ಸಲ ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

ನನಗೆ ಹೆಣ್ಣುಮಗು ಹುಟ್ಟಿತು. ಹುಟ್ಟಿದ ಕೂಡಲೇ ಊರು ಎದ್ದು ಕೂರುವಂತೆ ಅತ್ತಿತು. ಅತ್ತೆ ಆಗಲೂ ಬೈದರು, ಇದಕ್ಕೂ ನನ್ನ ಬಾಯೇ ಬಂದಿದೆ ಅಂತ. ಸುಮಾ ಅಂತ ಹೆಸರಿಟ್ಟೆವು. ನಾಮಕರಣಕ್ಕೆ ರಾಯರು ಹೆಂಡತಿಯ ಜೊತೆ ಬಂದು, ಯಂತ್ರದಲ್ಲೇ ಮಗುವಿನ ಹೆಸರು ಅಚ್ಚು ಹಾಕಿದ ಉದ್ದನೆಯ ಕಾಗದವನ್ನು ತೊಟ್ಟಿಲಿನ ಮೇಲೆ ತೋರಣದ ಹಾಗೆ ಕಟ್ಟಿದರು.

ಆ ಕಾರ್ಖಾನೆ ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ರಾಯರ ಯಂತ್ರಗಳು ಬೆಂಗಳೂರಿಗೂ ಹೊರಗಿನ ಊರುಗಳಿಗೂ ಹೋದವು. ಎಲ್ಲದಕ್ಕೂ ನಮ್ಮ ಹಿಂದಿನ ಕೋಣೆಯ ಬಟ್ಟೆಯೇ. ಆಮೇಲೆ ಹೊರಗಿನಿಂದ ಬೇರೆ ಥರದ, ಇನ್ನೂ ಬೇಗ ಬರೆಯುವ ಯಂತ್ರಗಳು ಬರತೊಡಗಿದವು, ಕೊಳ್ಳುವವರು ಕಡಿಮೆಯಾದರು. ರಾಯರು ಯಾರ ಸಂಬಳವನ್ನೂ ನಿಲ್ಲಿಸದೆ, ಒಬ್ಬೊಬ್ಬರಿಗೂ ಬೇರೆ ಕಡೆ ಕೆಲಸ ನೋಡಿಕೊಟ್ಟು ಬಾಗಿಲು ಹಾಕಿದರು. ಶೆಡ್ಡಿನಲ್ಲಿ ಮತ್ತೆ ಮಗ್ಗಗಳು ಕೂತವು. ಯಜಮಾನರಿಗೆ ಬೆಂಗಳೂರಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು, ರಾಯರ ಮೊದಲನೆಯ ಯಂತ್ರ ಇದ್ದ ಅದೇ ಕಚೇರಿಯಲ್ಲಿ.

1979ರಲ್ಲಿ ಅತ್ತೆಗೆ ಕಣ್ಣಿನ ಪೊರೆ ಬಂದಿತ್ತು. ಆಸ್ಪತ್ರೆಗೆ ತೋರಿಸಲು ಬೆಂಗಳೂರಿಗೆ ಕರೆದುಕೊಂಡು ಹೋದವರು ಹಾಗೇ ಯಜಮಾನರ ಕಚೇರಿಗೂ ಹೋದೆವು. ಸುಮಾ ಅಜ್ಜಿಯ ಕೈ ಹಿಡಿದು ನಡೆಸಿಕೊಂಡು ಬರುತ್ತಿದ್ದಳು. ತಂಪು ಗಾಳಿ ಬರುವ ಒಂದು ಕೋಣೆಯಲ್ಲಿ ನಮ್ಮವರು ಯಂತ್ರದ ಮುಚ್ಚಳ ತೆಗೆದು ಸವೆದ ರಿಬ್ಬನ್ ಹೊರಗೆಳೆಯುತ್ತಿದ್ದರು. ಅಮ್ಮ, ಇದು ನಿನ್ನದೇ ಬಟ್ಟೆ ಅಂದರು. ಅತ್ತೆಗೆ ಕಣ್ಣು ಮಂಜು, ಬಣ್ಣ ಗುರುತು ಸಿಗುತ್ತಿರಲಿಲ್ಲ. ಆ ಮಸಿಯಲ್ಲಿ ಯಾರಿಗೆ ತಾನೇ ಸಿಗುತ್ತಿತ್ತು? ಕೈ ಚಾಚಿ ಅಂಚನ್ನು ಹುಡುಕಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಸ್ವಲ್ಪ ದೂರ ಸವರಿದರು.

"ಐತೆ" ಅಂದರು.

ಆಮೇಲೆ ಆ ಬೆರಳನ್ನು ಒರೆಸಿಕೊಳ್ಳಲು ಏನಾದರೂ ಕೊಡೋಣ ಅಂತ ನಾನು ಸುತ್ತ ನೋಡುತ್ತಿದ್ದೆ. ಅಷ್ಟರಲ್ಲಿ ಅವರು ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಅವಳ ಕೆನ್ನೆಯ ಮೇಲೆ ಆ ಮಸಿಯಿಂದಲೇ ದೊಡ್ಡದೊಂದು ದೃಷ್ಟಿಬೊಟ್ಟು ಇಟ್ಟುಬಿಟ್ಟರು. ಕಚೇರಿಯವರೆಲ್ಲ ನಕ್ಕರು. ಸುಮಾ ಮುಖ ಸಿಂಡರಿಸಿ ನನ್ನ ಕಡೆ ನೋಡಿದಳು.

ಕಾಡಿಗೆಯಾಗಿದ್ದರೆ ನೀರಿಗೆ ಹೋಗುತ್ತಿತ್ತು. ಇದು ಎಣ್ಣೆ ಮಸಿ. ಮನೆಗೆ ಬಂದು ಸೀಗೆಪುಡಿ ಹಾಕಿ ಉಜ್ಜಿದೆ, ಹೋಗಲಿಲ್ಲ. ಸ್ಕೂಲಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ ಅಂತ ಅವಳು ಅಳುತ್ತಿದ್ದಳು, ನಾನು ಉಜ್ಜುತ್ತಲೇ ಇದ್ದೆ. ನಿಜ ಹೇಳಬೇಕೆಂದರೆ, ಅಷ್ಟೇನೂ ಜೋರಾಗಿ ಉಜ್ಜಲಿಲ್ಲ.